ಮಾವನ ಸಣ್ಣ ಗೀಟು

ನಮ್ಮ ಸೋದರಮಾವನಿಗೆ ಮನುಷ್ಯರ ಮೇಲೆ ಅಂಥ ಒಲವೇನಿಲ್ಲ. ಅವರ ಗಮನ ಸೆಳೆಯಬೇಕಾದರೆ ಒಂದೋ ಆರು ಕಾಲಿರಬೇಕು, ಇಲ್ಲವೇ ನೆಲದಲ್ಲಿ ಬೇರು ಬಿಟ್ಟಿರಬೇಕು. ನನಗೆ ಎರಡೂ ಇಲ್ಲ ನೋಡಿ! ಹಾಗಾಗಿ ನನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಅವರು ಹಾಲ್‌ನ ಹಿಂದೆ ತುಂಬೆಗಿಡದ ಬುಡದಲ್ಲಿ ಮಕಾಡೆ ಮಲಗಿದ್ದರು.

ಈ ಹುಚ್ಚು ಹಿಡಿಸಿದ್ದು ಕುಂದಾಪುರದ ಗುಜರಿ ಅಂಗಡಿಯಲ್ಲಿ ಸಿಕ್ಕ, ಬ್ರಿಟಿಷರ ಕಾಲದ ಒಂದು ಹರಕು ಪುಸ್ತಕ. ಅದರ ತುಂಬ ಕಾಡುಗಿಡಗಳ, ಜೀರುಂಡೆಗಳ ಚಿತ್ರ. ಅಂದಿನಿಂದ ಬ್ರಹ್ಮಾವರದ ಅವರ ಮನೆಯಲ್ಲಿ ಅತ್ತೆ ಸಾಸಿವೆ ಡಬ್ಬಿ ತೆರೆದರೆ ಸಾಸಿವೆ ನಡೆದುಕೊಂಡು ಹೊರಗೆ ಬರುತ್ತದೆ. ಆ ಹಳೆಯ ಚಿತ್ರಕಾರರ ಒಂದು ಪದ್ಧತಿಯನ್ನು ಮಾವ ವ್ರತದಂತೆ ಪಾಲಿಸುತ್ತಾರೆ. ಹುಳವನ್ನು ಅಂಗೈಯಗಲ ಬರೆದು, ಪಕ್ಕದಲ್ಲಿ ಅದರ ನಿಜವಾದ ಉದ್ದಕ್ಕೆ ಒಂದು ಸಣ್ಣ ಗೀಟು ಎಳೆಯುವುದು. "ಗೀಟ್ ಇಲ್ದಿರೆ ಕಂಡವ್ರ್ ಆಮೆ ಅಂದ್ಕಂತ್ರ್" ಎನ್ನುತ್ತಾರೆ.

ಆದರೆ ಆ ಚಿತ್ರಕಾರರಂತೆ ಹುಳವನ್ನು ಕೊಂದು ಸೂಜಿ ಚುಚ್ಚುವುದು ಮಾವನಿಂದಾಗದು. ಬರೆದಾದ ಮೇಲೆ ಹಿಡಿದ ಗಿಡಕ್ಕೇ ಬಿಟ್ಟುಬರಬೇಕು! ಒಮ್ಮೆ ಅಮಾಸೆಬೈಲಿನಿಂದ ತಂದ ಜೀರುಂಡೆಯನ್ನು ವಾಪಸು ಬಿಡಲು ಬಸ್ ಹತ್ತಿದಾಗ ಕಂಡಕ್ಟರ್ "ಎಷ್ಟ್ ಜನ?" ಎಂದು ಕೇಳಿದ. "ಹೋಪತಿಗೆ ಇಬ್ರ್, ಬಪ್ಪತಿಗೆ ಒಬ್ನೇ" ಎಂದು ಹೋಗುವ, ಬರುವ ಲೆಕ್ಕ ಎರಡನ್ನೂ ಒಪ್ಪಿಸಿದರಂತೆ. ಪಾಪ, ಆತ ಸೀಟಿನ ಅಡಿಯನ್ನೂ ಬಗ್ಗಿ ನೋಡಿದನಂತೆ.

ಹೀಗಿರುವಾಗ ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಕುಂದಾಪುರದ ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ಉಳಿಯುತ್ತಾಳೋ ಇಲ್ಲವೋ, ಈಗಲೇ ಹೇಳುವ ಹಾಗಿಲ್ಲ ಎಂದರು ಡಾಕ್ಟರು. ನೋಡಲು ಬಂದವರೆಲ್ಲ "ಇಷ್ಟೇ ಇಷ್ಟ್ ಇತ್ತಲೆ" ಎಂದು ಕಣ್ಣೊರೆಸಿಕೊಂಡು ಹೋದರು. ಮಾವ ಕಿಟಕಿಗೆ ಮೂಗು ಒತ್ತಿ ಬಹಳ ಹೊತ್ತು ನಿಂತರು. ಆಮೇಲೆ ಚೀಲದಿಂದ ಕಾಗದ ತೆಗೆದರು!

ನನಗೆ ರೇಗಿಹೋಯಿತು. "ಅದ್ ಹುಳ ಅಲ್ಲ ಮಾವ, ನನ್ ಮಗು."

"ಗೊತ್ತಿತ್ತ್ ಹೆಣೆ" ಎಂದರು, ನಮ್ಮ ಕಡೆ ಹೆಣ್ಣುಮಕ್ಕಳನ್ನು ಕರೆಯುವಂತೆ. ಪೆನ್ಸಿಲ್ ಮಾತ್ರ ನಿಲ್ಲಲಿಲ್ಲ.

ಕೊನೆಗೆ ಕಾಗದವನ್ನು ನನ್ನ ಕೈಗಿಟ್ಟರು. ಮಗಳ ಮುಷ್ಟಿ! ದೊಡ್ಡ ನಿಂಬೆಹಣ್ಣಿನಷ್ಟು ತುಂಬಿಕೊಂಡ, ಗಟ್ಟಿಮುಟ್ಟಾದ ಮುಷ್ಟಿ. ಪಕ್ಕದಲ್ಲಿ ನನ್ನ ಹೆಬ್ಬೆರಳ ಉಗುರಿನಷ್ಟು ಒಂದು ಗೀಟು. ಎಲ್ಲರೂ ಅವಳೆಷ್ಟು ಸಣ್ಣವಳು ಎಂದೇ ಹೇಳುತ್ತಿದ್ದಾಗ, ಅವಳನ್ನು ದೊಡ್ಡದಾಗಿ ಕಂಡವರು ಮಾವ ಒಬ್ಬರೇ. ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ನಾನು ಆ ದಿನಗಳನ್ನು ಕಳೆದೆ.

ಮಗಳು ಉಳಿದಳು. ಮನೆಗೆ ಬಂದ ದಿನ ನಾನು ಹಗುರಾಗಿ ಉಸಿರು ಬಿಟ್ಟೆ. ಮಾವ ಮಾತ್ರ ಬಂದಾಗಲೆಲ್ಲ ಅವಳ ಮುಷ್ಟಿ ಅಳೆದು, ಆ ಗೀಟಿನ ತುದಿಗೆ ಒಂಚೂರು ಸೇರಿಸಿ ಹೋಗುತ್ತಿದ್ದರು. ಚಾ ಕುಡಿಯುವುದೂ ಆಮೇಲೆಯೇ.

ಮೊನ್ನೆ ನಾವುಂದದ ನಮ್ಮ ಮನೆಗೆ ಬಂದ ಮಾವ ಅವಳ ಮುಷ್ಟಿಯನ್ನು ಚಿತ್ರದ ಮೇಲೆ ಇಡಿಸಿದರು. ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಮಾವ ಕಿಸೆಯಿಂದ ರಬ್ಬರ್ ತೆಗೆದು ಆ ಗೀಟನ್ನು ಪೂರ್ತಿ ಒರೆಸಿಬಿಟ್ಟರು.

"ಇನ್ನ್ ಇದ್ ಬ್ಯಾಡ ಹೆಣೆ" ಎಂದರು. ನನಗೆ ಅಳು ಬಂತು, ಅವರಿಗೂ. ಮಗಳು ಅದೇ ಮುಷ್ಟಿಯಲ್ಲಿ ಅವರ ಮೀಸೆ ಹಿಡಿದು ಎಳೆದಳು.