ಅಂತೆಗೆ ಬೀಗ ಹಾಕಿದ ಅಕ್ಕ

ಕನ್ನಡದ ಎರಡಕ್ಷರಕ್ಕೆ ಬೀಗ ಜಡಿದ ಹೆಂಗಸೊಬ್ಬಳನ್ನು ನಾನು ಬಲ್ಲೆ ಎಂದರೆ ನೀವು ಮೊಮ್ಮಕ್ಕಳು ನಗುತ್ತೀರಿ. ನಗಿ! ನಿಮ್ಮ ಅಮ್ಮನ ಸಾಗರದ ಆಫೀಸಿನಲ್ಲಿ ಗಾಸಿಪ್ ನಿಲ್ಲಿಸುವುದು ಹೇಗೆ ಎಂದು ಮೇಲಿನವರಿಗೆ ಎರಡು ದಿನ ಪಾಠ ಮಾಡಿಸಿದರಲ್ಲ, ನಮ್ಮ ಅಕ್ಕ ಇದ್ದಿದ್ದರೆ ಅದನ್ನು ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದಳು.

ಆ ಎರಡಕ್ಷರ 'ಅಂತೆ'. ಅವಳು ಹಂಗಂತೆ, ಇವನು ಹಿಂಗಂತೆ, ಆ ಅಂತೆ.

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ಹಾಳೆತಟ್ಟೆ ಮಾಡುವ ಶೆಡ್ಡೊಂದಿತ್ತು. ಅಡಿಕೆ ಹಾಳೆಯನ್ನು ತೊಟ್ಟಿಯಲ್ಲಿ ತೊಳೆದು, ಬಿಸಿ ಮೆಷಿನ್ನಿನಲ್ಲಿ ಒತ್ತಿ, ಊಟದ ತಟ್ಟೆ ತೆಗೆಯುವ ಕೆಲಸ. ನಾವು ಆರು ಹೆಂಗಸರು, ನಮ್ಮನ್ನು ನೋಡಿಕೊಳ್ಳಲು ಮೇಲೆ ಒಬ್ಬಳು, ಎಲ್ಲರಿಗೂ ಅವಳು ಅಕ್ಕ. ಅವಳ ಹೆಸರು ಬರೆಯುವುದಿಲ್ಲ, ಬರೆದರೆ ಮೇಲಿನ ಲೋಕದಿಂದಲೂ ಬೈದಾಳು. ಮೆಷಿನ್ನು ಓಡುವಾಗ ಅದರ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳಿಸದು. ಕರೆಂಟು ಹೋಯಿತೋ, ಆರು ಬಾಯಿ ಒಟ್ಟಿಗೆ ಚಾಲೂ! ಹೊಸನಗರದಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ?

ಅಕ್ಕನ ಕಾನೂನು ಒಂದೇ. ಯಾರ ಬಾಯಲ್ಲಾದರೂ 'ಅಂತೆ' ಬಂದರೆ, "ಕಂಡಿದ್ದಾ, ಕೇಳಿದ್ದಾ?" ಎನ್ನುವಳು. ಕೇಳಿದ್ದು ಎಂದರೆ ಮುಗಿಯಿತು.

"ಹಂಗಾರೆ ನಡಿ, ನೋಡ್ಕಂಡೇ ಬರಾಣ."

ಬರೀ ಬೆದರಿಕೆ ಅಂದುಕೊಂಡಿರಾ? ನಮ್ಮಲ್ಲಿ ಅತಿ ದೊಡ್ಡ ಬಾಯಿ ಸರೋಜಳದು. ಅವಳೊಮ್ಮೆ, "ಹುಲಿಕಲ್ ಟೀಚರ್ ಲಾರಿ ಡ್ರೈವರ್ ಸಂಗ್ತಿ ಓಡಿಹೋದ್ಲಂತೆ ಕಣ್ರೇ" ಎಂದಳು. ಅಕ್ಕ ಅವಳ ರಟ್ಟೆ ಹಿಡಿದು ಹುಲಿಕಲ್ ಬಸ್ಸು ಹತ್ತಿಸಿದಳು, ಸಾಕ್ಷಿಗೆ ನನ್ನನ್ನೂ. ಹೋಗಿ ನೋಡಿದರೆ ಓಡಿಹೋದ ಟೀಚರ್ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಾರೆ! ಮೂವರಿಗೂ ಕಾಫಿ ಕೊಟ್ಟು, "ಎಂಥ ಇಷ್ಟು ದೂರ ಬಂದ್ರಿ?" ಎಂದರು.

"ಹೇಳೇ," ಎಂದಳು ಅಕ್ಕ.

ಸರೋಜ ಕಾಫಿ ನುಂಗಿ, "ಹಪ್ಪಳ... ಹಪ್ಪಳ ನೋಡ್ಕಂಡು ಹೋಗಾಣ ಅಂತ," ಎಂದಳು. ಟೀಚರ್ ಒಂದು ಕಟ್ಟು ಹಪ್ಪಳವನ್ನೂ ಕೊಟ್ಟು ಕಳಿಸಿದರು. ವಾಪಸು ದಾರಿಯ ಅಷ್ಟೂ ತಿರುವುಗಳಲ್ಲಿ ಅಕ್ಕ ಅದನ್ನು ಸರೋಜಳ ಮಡಿಲಲ್ಲೇ ಇಡಿಸಿದಳು.

ಕಾನೂನು ಅಕ್ಕನಿಗೇ ತಿರುಗಿಬಿದ್ದದ್ದೂ ಉಂಟು. ದೊಡ್ಡ ಸಾಹೇಬರೊಬ್ಬರು ಶೆಡ್ಡು ನೋಡಲು ಬರುವ ಸುದ್ದಿ ನಮಗೆಲ್ಲ ಸಿಕ್ಕಿತ್ತು. ಆದರೆ 'ಬರ್ತಾರಂತೆ' ಎನ್ನುವ ಧೈರ್ಯ ಯಾರಿಗಿತ್ತು? ಅವರು ಬಂದಾಗ ಅಕ್ಕ ತಲೆತುಂಬ ಹರಳೆಣ್ಣೆ ಬಳಿದುಕೊಂಡು, ಸೀರೆ ಎತ್ತಿಕಟ್ಟಿ, ತೊಟ್ಟಿಯೊಳಗೆ ನಿಂತು ಪಾಚಿ ಉಜ್ಜುತ್ತಿದ್ದಳು.

"ಯಾಕ್ರೇ ನಂಗೆ ಹೇಳ್ಲಿಲ್ಲ?" ಎಂದು ಆಮೇಲೆ ಗುಡುಗಿದಳು.

"ನಾವು ಕೇಳಿದ್ದಷ್ಟೇ ಅಕ್ಕಾ, ಕಂಡಿರ್ಲಿಲ್ಲ," ಎಂದಳು ಸರೋಜ.

ಇನ್ನು ಮುಂದೆ ನಗುವಂಥದ್ದು ಹೆಚ್ಚಿಲ್ಲ.

ನಿಮ್ಮ ಅಜ್ಜ ಗಾರೆ ಕೆಲಸಕ್ಕೆಂದು ಮಂಡಗದ್ದೆಗೆ ಹೋಗಿ ಬರುತ್ತಿದ್ದರು. ಒಂದು ಸಂಜೆ ಬರಲಿಲ್ಲ. ಎರಡು ದಿನ ಬಿಟ್ಟು ತುಂಗಾ ಹೊಳೆಯಲ್ಲಿ, ಹರಿವಿನ ಕೆಳಗಡೆ, ಹೆಣವಾಗಿ ಸಿಕ್ಕರು. ದಡದ ಕಲ್ಲಿನ ಮೇಲೆ ಅವರ ಚಪ್ಪಲಿ ಜೋಡಿಯಾಗಿ ಇಟ್ಟ ಹಾಗೇ ಇತ್ತು. ನಿಮ್ಮ ಅಮ್ಮ ಆಗ ಹೈಸ್ಕೂಲು.

ಹದಿನಾರನೇ ದಿನ ನಾನು ಕೆಲಸಕ್ಕೆ ಹೋದೆ. ಮಧ್ಯಾಹ್ನ ಕರೆಂಟು ಹೋಯಿತು. ಹಾಳೆಯ ರಾಶಿಯಾಚೆ ಸರೋಜಳ ದನಿ:

"ಜಾರಿ ಬೀಳೋನು ಚಪ್ಪಲಿ ಜೋಡ್ಸಿಟ್ಟು ಬೀಳ್ತಾನೇನ್ರೇ? ಇವ್ಳ ಬಾಯಿಗೆ ಹೆದ್ರಿ ಹೊಳೆ ಹಾರಿದ್ನಂತೆ."

ನನ್ನ ಬಾಯಿಗೆ! ಕಂಡಕ್ಟರಿಗೆ 'ಇಳೀತೀನಿ' ಎನ್ನಲು ನಾಚಿ ಎರಡು ಸ್ಟಾಪು ಮುಂದೆ ಇಳಿದು ನಡೆದು ಬರುವವಳ ಬಾಯಿಗೆ! ಆದರೆ ಅವರು ಮನೆಗೆ ಬಾರದ ದಿನದ ಆ ಒಂದು ಬೆಳಿಗ್ಗೆ ನಾನು ಬಾಯಿ ತೆರೆದಿದ್ದೆ. "ಸಾರಿಗೆ ಏನಾದ್ರೂ ತಂದ್ರೆ ಮಾಡ್ತೀನಿ, ಇಲ್ದಿದ್ರೆ ನೀವೇ ಒಲೆ ಹಚ್ಚಿ," ಎಂದು ಸಿಡುಕಿದ್ದೆ. ಅವರು ಚಪ್ಪಲಿ ಮೆಟ್ಟಿ ಹೊರಟಿದ್ದರು. ಸರೋಜ ಆಡಿದ್ದನ್ನು ನನಗೆ ನಾನೇ ಹದಿನಾರು ದಿನದಿಂದ ಹೇಳಿಕೊಳ್ಳುತ್ತಿದ್ದೆ.

ನಾಳೆಯಿಂದ ಬರುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಕಾರಣ ಹೇಳಲಿಲ್ಲ, ಅವಳಿಗೂ ಕೇಳಿಸಿತ್ತು. 'ಕಂಡಿದ್ದಾ, ಕೇಳಿದ್ದಾ' ಬರುತ್ತದೆಂದು ಎಲ್ಲರೂ ತಲೆತಗ್ಗಿಸಿ ಕೂತರು. ಬರಲಿಲ್ಲ. ಕೇಳಿ ಎಲ್ಲಿಗೆ ಕರೆದೊಯ್ಯುವುದು? ಸತ್ತವರ ಹತ್ತಿರಕ್ಕೆ ಯಾವ ಬಸ್ಸು ಹೋಗುತ್ತದೆ?

"ನಾಳೆ ಒಂದಿನ ಬಾ. ಆಮೇಲೆ ಬಿಡು ಬೇಕಾದ್ರೆ," ಎಂದಳು ಅಕ್ಕ.

ಮರುದಿನ ಅವಳು ಬಂದಾಗ ಮಧ್ಯಾಹ್ನ ದಾಟಿತ್ತು, ಮೊಣಕಾಲ ತನಕ ಕೆಸರು. ಕರೆಂಟಿದ್ದಾಗಲೇ ಮೆಷಿನ್ನು ಆರಿಸಿದಳು. ಹಾಗೆ ಮಾಡಿದ್ದು ಅದೇ ಮೊದಲು.

"ಮಂಡಗದ್ದೆಗೆ ಹೋಗಿದ್ದೆ. ಬಲೆ ಹಾಕೋ ಮುದುಕ ಒಬ್ಬ ಸಿಕ್ಕಿದ. ಇವ್ಳ ಗಂಡ ಅವ್ನ ಹತ್ರ ಮೀನು ತಗಂಡಿದ್ನಂತೆ. ಮನೇಲಿ ಸಾರಿಗೆ ಬೇಕು ಅಂದ್ನಂತೆ. ಚಪ್ಪಲಿ ನೆನೀಬಾರ್ದು ಅಂತ ಕಲ್ಲಿನ ಮೇಲಿಟ್ಟು, ಮೀನು ತೊಳೆಯಕ್ಕೆ ಇಳಿದ್ನಂತೆ. ಪಾಚಿ ಜಾರ್ತಂತೆ." ಸರೋಜಳ ಕಡೆ ತಿರುಗಿದಳು. "ಸಾಯಕ್ಕೆ ಹೋಗೋನು ಸಂಜೆ ಸಾರಿಗೆ ಮೀನು ತಗಳ್ತಾನೇನೇ, ಸರೋಜ?"

ನಾಲ್ಕು ಅಂತೆ! ಅಕ್ಕನ ಬಾಯಲ್ಲಿ! ಸರೋಜ ಎದ್ದು ಬಂದು ನನ್ನ ಕೈಯಲ್ಲಿದ್ದ ಹಾಳೆ ಕಿತ್ತುಕೊಂಡಳು. "ಏಳು ಮಾರಾಯ್ತಿ, ನೀರು ಕೊರೀತದೆ. ನಾ ತೊಳೀತೀನಿ," ಎಂದಳು, ಮುಖ ನೋಡದೆ. ಆಮೇಲೆ ಹನ್ನೊಂದು ವರ್ಷ ನಾನು ಅಲ್ಲೇ ದುಡಿದೆ.

ಆ ಮುದುಕ ಇದ್ದನೋ ಇಲ್ಲವೋ. ಸಾರಿನ ಜಗಳವನ್ನು ಅಕ್ಕನ ಮುಂದೆ ಯಾವತ್ತಾದರೂ ಅತ್ತು ಹೇಳಿಕೊಂಡಿದ್ದೆನೋ ಇಲ್ಲವೋ, ನೆನಪಾಗುವುದಿಲ್ಲ. ಮಂಡಗದ್ದೆಗೆ ಬಸ್ಸಿಗೇನು ಬರವೇ? ಹೋಗಿ ವಿಚಾರಿಸಬಹುದಿತ್ತು. ಹೋಗಲಿಲ್ಲ. ಹೋದ ವರ್ಷ ಅಕ್ಕ ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದೆ. ಆಗಲೂ "ಕಂಡಿದ್ದಾ, ಕೇಳಿದ್ದಾ?" ಎಂದು ನಾನು ಕೇಳಲಿಲ್ಲ.

ಅಜ್ಜ ಹೇಗೆ ಹೋದರು ಎಂದು ನೀವು ಕೇಳುತ್ತಿರುತ್ತೀರಲ್ಲ, ಮಕ್ಕಳೇ. ನಿಮ್ಮ ಅಜ್ಜ ಸಾರಿಗೆ ಮೀನು ತೊಳೆಯುತ್ತಿದ್ದರಂತೆ. ಮನೆಗೇ ಹೊರಟಿದ್ದರಂತೆ.