ಜರ್ಮನಿಯವರು ನನ್ನ ಮುಖ ನೋಡಿದ್ದು

ಹೆದರುವುದಕ್ಕೂ ಒಂದು ಯೋಗ್ಯವಾದ ಕಾರಣ ಇರಬೇಕು ಎಂದು ನಂಬಿದವನು ನಾನು. ಇಪ್ಪತ್ತು ಟನ್ನಿನ ಲಾರಿಯನ್ನು ಜಾಕಿನ ಮೇಲೆ ನಿಲ್ಲಿಸಿ ಅದರ ಹೊಟ್ಟೆಯ ಕೆಳಗೆ ಮಲಗಿದಾಗಲೂ ನನಗೆ ಭಯವಾಗಿದ್ದಿಲ್ಲ. ಎಂಟನೇ ತರಗತಿಗೆ ಶಾಲೆ ಬಿಟ್ಟು ತುಮಕೂರಿನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು, ಆ ಕೈಯನ್ನೇ ನಂಬಿ ಐರ್ಲೆಂಡಿನ ಕಾರ್ಕ್‌ವರೆಗೂ ಬಂದಿದ್ದೇನೆ. ಇಲ್ಲಿನ ಕನ್ನಡದವರಲ್ಲಿ ಹೆಚ್ಚಿನವರು ಇಂಜಿನಿಯರುಗಳು. ಅವರ ಕಾರು ಕೆಟ್ಟರೆ ಬಾನೆಟ್ ಎತ್ತಿ ಒಂದು ಸಲ ಇಣುಕಿ, ಮುಚ್ಚಿ, ನನಗೆ ಫೋನ್ ಮಾಡುತ್ತಾರೆ. ಇಂಥ ನಾನು ಕಳೆದ ತಿಂಗಳು ಬಹಳ ಮರ್ಯಾದೆಯಿಂದ ಬರೆದ ಒಂದು ಮೆಸೇಜಿಗೆ ಹೆದರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೆಸೇಜು ಬಂದದ್ದು ನನ್ನ ಜರ್ಮನ್ ಬ್ಯಾಂಕಿನಿಂದ. ಇಲ್ಲಿಗೆ ಬಂದ ಹೊಸತರಲ್ಲಿ ಕಾರ್ಕ್‌ನ ಬ್ಯಾಂಕಿನವರು ವಿಳಾಸದ ಪುರಾವೆಗೆ ಕರೆಂಟ್ ಬಿಲ್ ಕೇಳಿದ್ದರು. ಮನೆಯೇ ಸಿಗದವನಿಗೆ ಕರೆಂಟ್ ಬಿಲ್ ಎಲ್ಲಿಂದ ಬರಬೇಕು? ಜರ್ಮನ್ ಬ್ಯಾಂಕು ಫೋನಿನಲ್ಲೇ ಪಾಸ್‌ಪೋರ್ಟ್ ನೋಡಿ ಖಾತೆ ಕೊಟ್ಟಿತು. ಜರ್ಮನ್ ಗೇರ್‌ಬಾಕ್ಸಿನ ಹಾಗೆ, ಕೈಕೊಡುವುದಿಲ್ಲ ಎಂದು ಗ್ಯಾರೇಜಿನಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದೆ. ಈಗ ಅದೇ ಬ್ಯಾಂಕು, ಕಳ್ಳದುಡ್ಡು ತಡೆಯುವ ಕಾಯ್ದೆಯ ಪ್ರಕಾರ ನಿಮ್ಮನ್ನು ವಿಡಿಯೋ ಕರೆಯಲ್ಲಿ ಮತ್ತೆ ಗುರುತಿಸಬೇಕು, ಶುಕ್ರವಾರದೊಳಗೆ ಆಗದಿದ್ದರೆ ಖಾತೆಗೆ ಬೀಗ ಎಂದು ಬರೆದಿತ್ತು. ಶುಕ್ರವಾರವೇ ನನ್ನ ಸಂಬಳದ ದಿನ. ಬೀಗ ಬಿದ್ದ ಪೆಟ್ಟಿಗೆಯೊಳಗೆ ಸಂಬಳ ಹೋಗಿ ಕೂತರೆ ಮನೆ ಬಾಡಿಗೆ ಹೇಗೆ?

ಜೊತೆಗೆ ಕೆಲಸ ಮಾಡುವ ಶಾನ್, "ಗ್ರ್ಯಾಂಡ್, ಗ್ರ್ಯಾಂಡ್" ಎಂದು, ಅಂದರೆ ಎಲ್ಲ ಸರಿಯಾಗಿದೆ ಎಂದು, ಬೆನ್ನು ತಟ್ಟಿದ. ಬ್ರೇಕ್ ಇಲ್ಲದ ಲಾರಿಗೂ ಅವನು ಹೇಳುವುದು ಅದನ್ನೇ. ಪಕ್ಕದ ಮನೆಯ ಇಂಜಿನಿಯರ್ ಮಧು ಮಾತ್ರ ಬಿಡಿಸಿ ಹೇಳಿದ. "ಅಣ್ಣಾ, ಅಲ್ಲಿ ಬ್ಯಾಂಕ್‌ನವ್ರ ತಲೆ ಮೇಲೆ ಸರ್ಕಾರದವ್ರು ಕೂತಿರ್ತಾರೆ. ಕಳ್ಳರು ಪಾಪದವ್ರನ್ನ ಮುಂದೆ ಬಿಟ್ಟು ಖಾತೆ ಮಾಡಿಸ್ತಾರೆ. ಅದಕ್ಕೇ ಇಷ್ಟೆಲ್ಲ. ನೀವು ಒಬ್ರೇ ಕೂತ್ಕೊಂಡು ಮಾತಾಡ್ಬೇಕು, ಅಷ್ಟೇ."

ಅಂದರೆ ಬ್ಯಾಂಕಿಗೆ ಸರ್ಕಾರದ ಭಯ, ನನಗೆ ಬ್ಯಾಂಕಿನ ಭಯ. ಕಳ್ಳನೊಬ್ಬನೇ ಎಲ್ಲೋ ಆರಾಮಾಗಿದ್ದಾನೆ.

ಬುಧವಾರ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಇಸ್ತ್ರಿ ಶರ್ಟು ಹಾಕಿ ಕೂತೆ. ತೆರೆಯ ಮೇಲೆ ಕನ್ನಡಕದ ಹೆಣ್ಣುಮಗಳೊಬ್ಬಳು ಬಂದಳು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಪಾಸ್‌ಪೋರ್ಟ್ ವಾಲಿಸಿ ಎಂದಳು. ತಪಾಸಣೆಗೆ ಬಂದ ಹಳೇ ಲಾರಿಯ ಪಾಡು ಆ ಹೊತ್ತು ನನಗೆ ಅರ್ಥವಾಯಿತು. ಆಮೇಲೆ, "ನಿಮ್ಮ ಜೊತೆ ಯಾರಾದರೂ ಇದ್ದಾರೆಯೇ?" ಎಂದು ಕೇಳಿದಳು.

ನನ್ನ ಹೆಂಡತಿ ಜಯಂತಿ ಬಾಗಿಲ ಹಿಂದೆ ನಿಂತಿದ್ದಳು. ನನ್ನ ಇಂಗ್ಲಿಷಿನ ಮೇಲೆ ಅವಳಿಗೆ ಮೊದಲಿನಿಂದಲೂ ಅನುಮಾನ. "ಇಲ್ಲ ಅನ್ರೀ," ಎಂದು ಪಿಸುಗುಟ್ಟಿದಳು. ಪಿಸುಮಾತು ಜರ್ಮನಿಗೆ ಮುಟ್ಟಿತು.

"ಅದು ಯಾರು?"

"ನನ್ನ ಹೆಂಡತಿ."

"ಏನು ಹೇಳುತ್ತಿದ್ದಾರೆ?"

ಸುಳ್ಳು ಹೇಳಿದರೆ ಜೈಲು ಎಂದುಕೊಂಡು ಇದ್ದದ್ದನ್ನೇ ಹೇಳಿಬಿಟ್ಟೆ: "ಇಲ್ಲಿ ಯಾರೂ ಇಲ್ಲ ಅಂತ ಹೇಳು ಅಂತಿದ್ದಾಳೆ."

ಆಕೆ ವಿನಯದಿಂದಲೇ ಕರೆ ಮುಗಿಸಿದಳು. ಇನ್ನೊಂದೇ ಅವಕಾಶ ಉಳಿದಿದೆ ಎಂದು ಮೆಸೇಜು ಬಂತು.

"ಸತ್ಯ ಹರಿಶ್ಚಂದ್ರ," ಎಂದಳು ಜಯಂತಿ. "ನಾಳೆ ಕಾರಲ್ಲಿ ಕೂತು ಮಾತಾಡಿ. ನಾನು ತರಕಾರಿ ತರಕ್ಕೆ ಹೋಗ್ತೀನಿ."

ಗುರುವಾರ ಡಗ್ಲಸ್ ಬಡಾವಣೆಯ ಶಾಪಿಂಗ್ ಸೆಂಟರಿನ ಪಾರ್ಕಿಂಗಿನಲ್ಲಿ ಕಿಟಕಿಗಳನ್ನೆಲ್ಲ ಏರಿಸಿಕೊಂಡು ಕೂತೆ. ಈ ಸಲ ಬಂದವನು ಗಡ್ಡದ ಯುವಕ. ಪಾಸ್‌ಪೋರ್ಟ್ ಹಿಡಿದ ಕೈ ಎಷ್ಟು ನಡುಗುತ್ತಿತ್ತೆಂದರೆ ಅವನು ಮೂರು ಸಲ "ಅಲುಗಾಡಿಸಬೇಡಿ" ಎಂದ. ಕೊನೆಯಲ್ಲಿ ಕೇಳಿದ: "ಇದನ್ನೆಲ್ಲ ನೀವೇ ನಿರ್ಧರಿಸಿ ಮಾಡುತ್ತಿದ್ದೀರಾ? ಹೀಗೆ ಮಾಡಿ ಎಂದು ಯಾರಾದರೂ ಹೇಳಿದ್ದಾರೆಯೇ?"

ಕಾರಿನಲ್ಲಿ ಕೂರಿಸಿದವಳ ನೆನಪಾಯಿತು. ಆದರೂ ನನ್ನ ಮೂವತ್ತು ವರ್ಷದ ದುಡಿಮೆ ಒಳಗಿನಿಂದ ಎದ್ದು ನಿಂತಿತು. "ನನಗೆ ಹೀಗೆ ಮಾಡು ಅಂತ ಹೇಳುವವರು ಯಾರೂ ಇಲ್ಲ," ಎಂದೆ.

ಅವನು ಅದನ್ನು ಬರೆದುಕೊಂಡ. ಖಾತೆ ಉಳಿಯಿತು.

ಜಯಂತಿ ಎರಡು ಚೀಲ ಹಿಡಿದು ಬಂದು ಕಿಟಕಿ ತಟ್ಟಿದಳು. ನನ್ನ ಮುಖ ನೋಡಿದಳು, ಕೈ ನೋಡಿದಳು.

"ಆಯ್ತಾ? ಸರಿ, ಇಳೀರಿ. ಆ ಕಡೆ ಕೂತ್ಕೊಳ್ಳಿ, ನಾನು ಓಡಿಸ್ತೀನಿ."

ಇಳಿದು, ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಆ ಕಡೆ ಕೂತೆ.