ಇನ್ನೂ ಬಳಸದ ಗರಗಸಕ್ಕೆ ಐದು ನಕ್ಷತ್ರ ಕೊಟ್ಟವರಿಗೆ

ಜೂನ್ ೧೪, ಭಾನುವಾರ. ಗಾಳಿಗೆ ಮರ ಬಿದ್ದು ಹತ್ತು ದಿನವಾಯಿತು. ದೊಡ್ಡಮ್ಮನ ಇಸ್ತ್ರಿ ಅಂಗಡಿಯ ಬಾಗಿಲು ತೆರೆಯುತ್ತಿಲ್ಲ. ಬಾಗಿಲಿಗೆ ಅಡ್ಡ ಬಿದ್ದ ದಿಮ್ಮಿಯಲ್ಲಿ ಒಂದು ಗರಗಸ ಸಿಕ್ಕಿಕೊಂಡಿದೆ. ಗರಗಸ ನನ್ನದು.

ಸ್ವಂತ ಹೆಸರನ್ನು ಮರೆಮಾಡಿ 'ದೃಢೀಕೃತ ಖರೀದಿದಾರ' ಎಂಬ ಬಿರುದೊಂದನ್ನೇ ಧರಿಸಿರುವ ಮಾನ್ಯರೇ,

ತಮಗೂ, ತಮ್ಮ ಮನೆಯವರಿಗೂ, ತಮ್ಮಲ್ಲಿ ಈಗಲೂ ಒಂದು ಗೀರೂ ಬೀಳದೆ ಹೊಳೆಯುತ್ತಿರಬಹುದಾದ ತಮ್ಮ ಚೈನ್ ಗರಗಸಕ್ಕೂ ನನ್ನ ನಮಸ್ಕಾರಗಳು. ತಮ್ಮ ವಿಳಾಸ ನನಗೆ ತಿಳಿಯದು. ಗರಗಸ ಮಾರಿದ ಆನ್‌ಲೈನ್ ಅಂಗಡಿಯವರನ್ನು ಕೇಳಿದಾಗ, ಅವರ ಪರವಾಗಿ ಉತ್ತರಿಸುವ ಯಂತ್ರವು ನನ್ನ ದುಃಖವನ್ನು ತಾನು ಬಲ್ಲೆನೆಂದು ಹೇಳಿ, ನನಗೆ ಇನ್ನೊಂದು ಗರಗಸ ಬೇಕೇ ಎಂದು ವಿಚಾರಿಸಿತು. ಆದ್ದರಿಂದ ಬೇರೆ ದಾರಿ ಕಾಣದೆ ಎಲ್ಲರೂ ಓದಬಹುದಾದ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ಆ ಗರಗಸದ ಕೆಳಗೆ ತಾವು ಬರೆದ ಅಭಿಪ್ರಾಯ ನನಗೆ ಬಾಯಿಪಾಠವಾಗಿದೆ: "ಪ್ಯಾಕಿಂಗ್ ತುಂಬಾ ಚೆನ್ನಾಗಿದೆ. ನೋಡೋಕೆ ಥೇಟ್ ಅಸಲಿ ಕಂಪನಿದೇ. ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಇನ್ನೂ ಬಳಸಿಲ್ಲ." ಇದರ ಮೇಲೆ ಐದು ನಕ್ಷತ್ರ, ಕೆಳಗೆ ತಾವೇ ಜೋಡಿಸಿದ ಗರಗಸದ ಚಿತ್ರ. ಎಷ್ಟೋ ಮಂದಿ ಈ ಅಭಿಪ್ರಾಯ ಉಪಯೋಗವಾಯಿತೆಂದು ಒತ್ತಿದ್ದರು, ನಾನೂ ಒತ್ತಿದೆ. 'ಇನ್ನೂ ಬಳಸಿಲ್ಲ' ಎಂಬುದನ್ನು ನಾನು ವಿನಯವೆಂದು ಓದಿಕೊಂಡೆ. ಬಳಸಿ ನೋಡಿ ಒಂದೇ ನಕ್ಷತ್ರ ಕೊಟ್ಟವರೂ ಅಲ್ಲೇ ಕೆಳಗಿದ್ದರು. ಕೈ ನಡುಗಿತು, ಬೋಲ್ಟು ಉದುರಿತು, ಹೊಗೆ ಬಂತು ಎಂದೆಲ್ಲ ಅತ್ತುಕೊಂಡಿದ್ದ ಅವರನ್ನು, ಸಣ್ಣ ವಿಷಯಕ್ಕೆಲ್ಲ ರಂಪ ಮಾಡುವ ಜನವೆಂದು ಬದಿಗಿಟ್ಟೆ. ಉಪಯೋಗಿಸಿ ಬೈದವರಿಗಿಂತ ಉಪಯೋಗಿಸದೆ ಹೊಗಳಿದವರ ಮಾತಿನಲ್ಲಿ ಎಷ್ಟೊಂದು ನೆಮ್ಮದಿ ಇರುತ್ತದೆಂಬುದು ತಮಗೂ ಗೊತ್ತಿರಬೇಕು.

ನಮ್ಮ ಪರಿಸ್ಥಿತಿಯನ್ನು ತಮ್ಮ ಗಮನಕ್ಕೆ ತರಬೇಕು. ನಮ್ಮ ತಾಯಿಯ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಗಲ್ಲಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಾರೆ. ಒಂದು ಮೇಜು, ಎರಡು ಇಸ್ತ್ರಿಪೆಟ್ಟಿಗೆ, ಗೋಡೆಯುದ್ದಕ್ಕೂ ತಂತಿ, ಹೊರಕ್ಕೆ ತೆರೆಯುವ ಒಂದು ಬಾಗಿಲು, ಪಕ್ಕದಲ್ಲೊಂದು ಕಿಟಕಿ. ನಾನಿರುವುದು ಅದೇ ಅಂಗಡಿಯ ಮೇಲಿನ ಕೋಣೆಯಲ್ಲಿ. ಎದುರಿನ ಮರ ಗಾಳಿಗೆ ಉರುಳಿ, ಬುಡ ಒಂದು ಕಡೆ, ತುದಿ ಪಕ್ಕದ ಮನೆಯ ಗೋಡೆಯ ಮೇಲೆ, ನಡುವೆ ದೊಡ್ಡಮ್ಮನ ಬಾಗಿಲು ಎಂಬಂತೆ ಅಳತೆ ತೆಗೆದು ಬಿದ್ದಿತು. ಮರುದಿನ ಬೆಳಿಗ್ಗೆ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿಕೊಂಡು, ಸ್ಟೂಲಿನ ಮೇಲೆ ನಿಂತು, ಕಿಟಕಿಯಿಂದ ಒಳಗಿಳಿದರು. ಗಿರಾಕಿಗಳು ಬಟ್ಟೆಯ ಗಂಟನ್ನು ದಿಮ್ಮಿಯ ಮೇಲಿಂದ ಚಾಚಿ ಕೊಟ್ಟರು. ಎರಡೇ ದಿನದಲ್ಲಿ ಅವರ ಮೊಣಕಾಲು ಊದಿತು. "ಕಿಟಕಿಯಿಂದ ಬರೋಕೆ ನಾನೇನು ಕಳ್ಳೀನಾ?" ಎಂದು ಅವರು ನನ್ನನ್ನು ಕೇಳಿದರು.

ಅವರ ತಮ್ಮ, ಅಂದರೆ ನನ್ನ ಸೋದರಮಾವ, ಮರ ಕೊಯ್ಯುವುದನ್ನೇ ಕಸುಬಾಗಿ ಮಾಡಿಕೊಂಡವರು. ಅವರದು ಅಸಲಿ ಕಂಪನಿಯ ಗರಗಸ. ಬಣ್ಣವೆಲ್ಲ ಹೋಗಿ, ಹಿಡಿಗೆ ಸೈಕಲ್ ಟ್ಯೂಬು ಸುತ್ತಿಕೊಂಡು, ನೋಡಲು ಯಾರೋ ಎಸೆದದ್ದನ್ನು ಯಾರೋ ಎತ್ತಿಕೊಂಡು ಬಂದಂತಿದೆ. ಗರಗಸವನ್ನೂ ಹಲ್ಲುಜ್ಜುವ ಬ್ರಷ್ಷನ್ನೂ ಯಾರಿಗೂ ಕೊಡುವುದಿಲ್ಲ ಎಂಬುದು ಅವರ ನಿಯಮ. ನಾನೇ ಬಂದು ಕೊಯ್ದುಕೊಡುತ್ತೇನೆ, ಆದರೆ ಈಗಾಗಲೇ ಒಪ್ಪಿಕೊಂಡ ಬೇರೆ ಕೆಲಸ ಮುಗಿಯಲು ನಾಲ್ಕು ದಿನ ಬೇಕು ಎಂದು ಮಾವ ಹೇಳಿದರು. ಆಗ ನಾನು, ದಿಮ್ಮಿಯ ಆಚೆ ನಿಂತಿದ್ದ ಅಷ್ಟೂ ಗಿರಾಕಿಗಳ ಮುಂದೆ, ಫೋನು ತೆಗೆದು ತಮ್ಮ ಅಭಿಪ್ರಾಯವನ್ನು ಗಟ್ಟಿಯಾಗಿ ಓದಿದೆ. ಅಸಲಿ ಅನ್ನುವುದೆಲ್ಲ ಬರೀ ಹೆಸರಿಗೆ ಕೊಡುವ ದುಡ್ಡು, ಅದೇ ಬಣ್ಣದ, ಅದೇ ಆಕಾರದ ವಸ್ತು ಹೊರದೇಶದಿಂದ ಕಾಲು ಭಾಗದ ಬೆಲೆಗೆ ಮನೆ ಬಾಗಿಲಿಗೆ ಬರುತ್ತದೆ ಎಂದು ಪುಟ್ಟ ಭಾಷಣವನ್ನೂ ಮಾಡಿದೆ. ಮಾವ ಕೊನೆಯವರೆಗೂ ಕೇಳಿಸಿಕೊಂಡರು. "ಆಯ್ತಪ್ಪ, ನಕ್ಷತ್ರದಲ್ಲೇ ಕುಯ್ಯಿ" ಎಂದು ಹೇಳಿ, ಗಾಡಿ ಹತ್ತಿ ಹೋದರು. ಆಮೇಲೆ ಈ ಕಡೆ ತಲೆ ಹಾಕಿಲ್ಲ.

ಗರಗಸ ಬಂತು. ಪ್ಯಾಕಿಂಗಿನ ಬಗ್ಗೆ ತಾವು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಂಥ ಪೆಟ್ಟಿಗೆಯಲ್ಲಿ ನನ್ನನ್ನೇ ಯಾರಾದರೂ ಕಳಿಸಿದ್ದರೂ ನಾನು ಆಕ್ಷೇಪಿಸುತ್ತಿರಲಿಲ್ಲ. ಒಳಗೆ ಕೈಪಿಡಿಯೂ ಇತ್ತು, ಕನ್ನಡದಲ್ಲೇ ಇತ್ತು. ಅನುವಾದಗಳನ್ನು ಓದಿ ರೂಢಿಯಿರುವ ನಾನು ಇಂಥವುಗಳನ್ನು ತಾಳ್ಮೆಯಿಂದಲೇ ನೋಡುತ್ತೇನೆ. ಆದರೆ ಈ ಬರಹವು ಹೊರಟ ಊರಿನಿಂದ ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕೈದು ಭಾಷೆಗಳಲ್ಲಿ ಇಳಿದು, ಪ್ರತಿಯೊಂದರಲ್ಲೂ ಸಾಮಾನು ಕಳೆದುಕೊಂಡು ಬಂದಿತ್ತು. 'ಯಂತ್ರವು ಸಿಟ್ಟಾದಾಗ ಸಂಬಂಧಿಕರನ್ನು ದೂರವಿಡಿ' ಎಂಬುದು ಹೇಗೋ ಅರ್ಥವಾಯಿತು. 'ಸರಪಳಿಯನ್ನು ಅದರ ಸಂತೋಷದ ದಿಕ್ಕಿನಲ್ಲಿ ತೊಡಿಸಿರಿ' ಎಂಬಲ್ಲಿ ನಿಂತುಹೋದೆ. ಸರಪಳಿಗೆ ಯಾವ ಕಡೆ ಸಂತೋಷವೆಂದು ನನಗೆ ತಿಳಿಯದೆ, ತಮ್ಮ ಚಿತ್ರವನ್ನು ದೊಡ್ಡದು ಮಾಡಿಕೊಂಡು, ಅದರಲ್ಲಿದ್ದಂತೆಯೇ ಹಲ್ಲಿಗೆ ಹಲ್ಲು ಹೊಂದಿಸಿ ತೊಡಿಸಿದೆ.

ಚಾಲೂ ಮಾಡುವ ಹಗ್ಗ ಎಳೆದೆ. ಗರಗಸ ಪಿಟ್ಟೆನ್ನಲಿಲ್ಲ. ಮತ್ತೆ ಎಳೆದೆ. ಭುಜ ಬಿದ್ದುಹೋಗುತ್ತದೆ ಎನ್ನುವ ಹೊತ್ತಿಗೆ ಅದು ಕೆಮ್ಮಿ, ಕ್ಯಾಕರಿಸಿ, ಎದ್ದಿತು. ದಿಮ್ಮಿಗೆ ಒತ್ತಿದೆ. ಮಾನ್ಯರೇ, ಅಸಲಿ ಗರಗಸವೊಂದು ಬಹಳವೆಂದರೆ ಮರವನ್ನು ಕೊಯ್ದೀತು. ತಾವು ಮೆಚ್ಚಿದ ಗರಗಸವು ಇಡೀ ಗಲ್ಲಿಗೆ ಹೊಗೆ ಹಾಕಿ ಒಂದೇ ಒಂದು ಸೊಳ್ಳೆ ಉಳಿಯದಂತೆ ಮಾಡಿತು, ನನ್ನ ಕೈಗಳನ್ನು ಸಂಜೆಯವರೆಗೂ ತಾನಾಗಿ ನಡುಗುವಂತೆ ತರಬೇತಿಗೊಳಿಸಿತು, ದಿಮ್ಮಿಯ ಮೇಲೆ ಅಂಗೈಯಗಲದ ಜಾಗವನ್ನು ಮುಖ ಕಾಣುವಷ್ಟು ನುಣುಪಾಗಿ, ಕಪ್ಪಗೆ, ಪಾಲಿಷ್ ಮಾಡಿಕೊಟ್ಟಿತು. ಕೊಯ್ಯುವುದೊಂದನ್ನು ಬಿಟ್ಟರೆ ಅದಕ್ಕೆ ಬಾರದ ವಿದ್ಯೆಯಿರಲಿಲ್ಲ. ದೊಡ್ಡಮ್ಮ ಕಿಟಕಿಯಿಂದ ಕತ್ತು ಹಾಕಿ, ಮರವನ್ನು ತೆಗೆಯಬೇಕಿತ್ತೇ ಹೊರತು ಇಸ್ತ್ರಿ ಮಾಡಬೇಕಿರಲಿಲ್ಲ ಎಂದರು.

ಇದರ ಕಾರಣವನ್ನು ಕಂಡುಹಿಡಿದವರು ನಮ್ಮ ಗಲ್ಲಿಯ ಹಲ್ಲಿನ ಡಾಕ್ಟರು. ಬಿಳಿ ಕೋಟನ್ನು ಇಸ್ತ್ರಿಗೆ ಕೊಡಲು ಬಂದವರು, ದಿಮ್ಮಿಯ ಮೇಲೆ ಬಗ್ಗಿ, ಕನ್ನಡಕವನ್ನು ಹಣೆಗೇರಿಸಿ, ಗರಗಸದ ಬಾಯಿ ನೋಡಿದರು. ಅವರಿಗೆ ಮರದ ವಿಷಯವೂ ತಿಳಿಯದು, ಯಂತ್ರದ ವಿಷಯವೂ ತಿಳಿಯದು, ತೆರೆದ ಬಾಯಿ ಕಂಡರೆ ಬಗ್ಗುವುದು ಅಭ್ಯಾಸ. "ಹಲ್ಲೆಲ್ಲ ಬೆನ್ನು ತಿರುಗಿಸ್ಕೊಂಡು ಕೂತಿದಾವಲ್ರೀ, ಇದು ಕಚ್ಚೋದಾದ್ರೂ ಹೇಗೆ?" ಎಂದರು. ನಾನು ತಮ್ಮ ಚಿತ್ರವನ್ನು ಎತ್ತಿ ಹಿಡಿದು, ಐದು ನಕ್ಷತ್ರದವರೇ ಹೀಗೆ ಜೋಡಿಸಿದ್ದಾರೆ ಎಂದು ವಾದಿಸಿದೆ. ಅವರು ಅದನ್ನೂ ನೋಡಿ, "ಇವರದೂ ಉಲ್ಟಾ" ಎಂದರು.

ಹೀಗೆ ನಾನು, ತಾವು ಮತ್ತು ತಮ್ಮನ್ನು ನೋಡಿ ಉಪಯೋಗವಾಯಿತೆಂದು ಒತ್ತಿದ ಅಷ್ಟೂ ಮಂದಿ, ಚೈನನ್ನು ಹಿಂದುಮುಂದು ತೊಡಿಸಿಕೊಂಡಿರುವ ಒಂದು ದೊಡ್ಡ ಕುಟುಂಬವೆಂದು ತಿಳಿದು, ಆ ಕ್ಷಣದಲ್ಲೂ ನನಗೆ ಸ್ವಲ್ಪ ಸಮಾಧಾನವಾಯಿತೆಂಬುದನ್ನು ಮುಚ್ಚಿಡಲಾರೆ.

ಚೈನನ್ನು ತಿರುಗಿಸಿದೆ. ಈ ಸಲ ಗರಗಸ ಕೊಯ್ದಿತು! ಮರದ ಪುಡಿ ಹಾರಿತು, ಗಿರಾಕಿಗಳು ಚಪ್ಪಾಳೆ ತಟ್ಟಿದರು, ನಾನು ಮನಸ್ಸಿನಲ್ಲೇ ಮಾವನಿಗೆ ಎರಡನೆಯ ಭಾಷಣವನ್ನು ಸಿದ್ಧಪಡಿಸತೊಡಗಿದೆ. ಎರಡು ತುದಿಯಲ್ಲಿ ಆತುಕೊಂಡಿರುವ ದಿಮ್ಮಿಯನ್ನು ನಡುವೆ, ಮೇಲಿನಿಂದ, ಕೊಯ್ಯುತ್ತ ಹೋದರೆ ಅದು ಕುಸಿದು, ಚೈನು ಸುತ್ತುವ ಗರಗಸದ ಪಟ್ಟಿಯನ್ನು ಕಚ್ಚಿ ಹಿಡಿಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದವರನ್ನು ನಾನೇ ಗಾಡಿ ಹತ್ತಿಸಿ ಕಳಿಸಿದ್ದೆ. ಅರ್ಧ ದಾಟಿದಾಗ ದಿಮ್ಮಿ ಕಿರ್ ಎಂದು ಬಾಯಿ ಮುಚ್ಚಿತು. ಗರಗಸ ಅಲ್ಲೇ ನಿಂತಿತು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮತ್ತೆ ಚಾಲೂ ಮಾಡೋಣವೆಂದು ಎಳೆದರೆ ಹಗ್ಗ ಸಮೂಲವಾಗಿ ನನ್ನ ಕೈಗೆ ಬಂತು. ಪೆಟ್ರೋಲಿನ ಮುಚ್ಚಳವನ್ನಾದರೂ ತೆಗೆದು ಖಾಲಿ ಮಾಡೋಣವೆಂದರೆ, ಆ ಮುಚ್ಚಳವು ಒಳಗಿನದು ಹನಿಯುವಷ್ಟು ಸಡಿಲವಾಗಿಯೂ, ಹೊರಗಿನವರು ತೆರೆಯಲಾಗದಷ್ಟು ಬಿಗಿಯಾಗಿಯೂ ಇರುವ ಅಪೂರ್ವ ರಚನೆ.

ಇಲ್ಲಿಯವರೆಗಿನದನ್ನು ನಾನು ನಗುತ್ತಲೇ ಬರೆದೆ. ಮುಂದಿನದನ್ನು ನಗುತ್ತ ಬರೆಯುವುದು ತುಸು ಕಷ್ಟ. ದೊಡ್ಡಮ್ಮ ಅಂದು ಸಂಜೆ, ಗರಗಸ ಹೇಗೂ ನೆಟ್ಟಗೆ ನಿಂತಿದೆಯಲ್ಲ ಎಂದು, ಹಲ್ಲಿನ ಡಾಕ್ಟರ ಕೋಟನ್ನು ಅದರ ಹಿಡಿಗೆ ತೂಗುಹಾಕಿದರು. ಮರುದಿನ ಕೋಟು ವಾಪಸು ಬಂತು. ಕುರ್ಚಿಯಲ್ಲಿ ಕೂತ ರೋಗಿಯೊಬ್ಬರು ಬಾಯಿ ತೆರೆಯುವ ಮೊದಲು, ಪೆಟ್ರೋಲ್ ಬಂಕಿಗೆ ಬಂದೆನೋ ಎಂದು ಕೇಳಿದರಂತೆ. ದೊಡ್ಡಮ್ಮ ಕೋಟನ್ನು ಮೂಸಿದರು, ದಿಮ್ಮಿಯನ್ನು ಮೂಸಿದರು, ಕಾದಿದ್ದ ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದರು. ಅದಕ್ಕೂ ಕಿಟಕಿಯಾಚೆ ಹನಿಯುತ್ತಿದ್ದ ಗರಗಸಕ್ಕೂ ನಡುವೆ ಒಂದು ಮಾರು ದೂರವಿತ್ತು. ಪ್ಲಗ್ಗು ಕಿತ್ತರು. "ಒಂದು ಅಂಗಿ ಸುಟ್ಟರೆ ಹೊಸದು ಕೊಡ್ತೀನಿ, ಬೀದಿ ಸುಟ್ಟರೆ ಎಲ್ಲಿಂದ ತರ್ಲಿ?" ಎಂದು ಹೇಳಿ, ಬಾಕಿ ಬಟ್ಟೆಗಳನ್ನೆಲ್ಲ ಇಸ್ತ್ರಿಯಿಲ್ಲದೆಯೇ ಮಡಚಿ ವಾಪಸು ಕೊಟ್ಟರು. ಜ್ವರ ಬಂದಾಗಲೂ ಮುಚ್ಚದ ಅಂಗಡಿ ಅದು. ಮರ ಬಾಗಿಲನ್ನಷ್ಟೇ ಮುಚ್ಚಿತ್ತು, ನಮ್ಮ ಗರಗಸ ಅಂಗಡಿಯನ್ನೇ ಮುಚ್ಚಿತು. ಗಿರಾಕಿಗಳಲ್ಲಿ ಕೆಲವರು ಮುಂದಿನ ಗಲ್ಲಿಯ ಅಂಗಡಿಗೆ ಹೋಗತೊಡಗಿದ್ದಾರೆ. ಹಾಗೆ ಹೋದವರು ಮರಳಿ ಬರುತ್ತಾರೋ ಇಲ್ಲವೋ ಎಂದು ದೊಡ್ಡಮ್ಮ ನನ್ನನ್ನು ಕೇಳುವುದಿಲ್ಲ, ಕಿಟಕಿಯ ಬಳಿ ಕೂತು ಅವರು ಹೋಗುವುದನ್ನು ನೋಡುತ್ತಾರೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳು. ತಾವು ದಯಮಾಡಿ ತಮ್ಮ ಐದು ನಕ್ಷತ್ರಗಳೊಡನೆ ಇಲ್ಲಿಗೆ ಬಿಜಯಂಗೈದು, ಅವುಗಳಲ್ಲಿ ಒಂದನ್ನು ದಿಮ್ಮಿಯ ಬಾಯಿಗೆ ಆನಿಸಿ ಪಟ್ಟಿಯನ್ನು ಬಿಡಿಸಿಕೊಡಬೇಕು, ಇನ್ನೊಂದನ್ನು ಪೆಟ್ರೋಲ್ ಮುಚ್ಚಳಕ್ಕೆ ಬೆಣೆಯಾಗಿ ಬಡಿಯಬೇಕು. ಮಿಕ್ಕವನ್ನು ದೊಡ್ಡಮ್ಮನ ಮೊಣಕಾಲಿಗೆ ಕಟ್ಟಬಹುದು. ತಮಗೆ ಬಿಡುವಿದ್ದರೆ ಮುಂದಿನ ಗಲ್ಲಿಯಲ್ಲಿ ನಿಂತು, ನಮ್ಮ ಹಳೆಯ ಗಿರಾಕಿಗಳಿಗೆ ದೊಡ್ಡಮ್ಮನ ಇಸ್ತ್ರಿಯ ಬಗ್ಗೆ ಒಂದು ಅಭಿಪ್ರಾಯ ಹೇಳಬೇಕು. ಒಂದು ಅಂಗಿಯನ್ನೂ ಅವರ ಕೈಗೆ ಕೊಟ್ಟಿಲ್ಲವೆಂಬುದು ತಮಗೆ ಅಡ್ಡಿಯಾಗದೆಂಬ ಭರವಸೆ ನನಗಿದೆ.

ಇವು ನೆರವೇರುವುದು ತಡವಾಗಬಹುದೆಂದು ನಾನೂ ಒಂದಿಷ್ಟು ಯೋಚಿಸಿದೆ. ನಕಲಿ ಗರಗಸವನ್ನು ದಿಮ್ಮಿಯಿಂದ ಬಿಡಿಸಲು ಇನ್ನೊಂದು ಗರಗಸ ಬೇಕು, ಅದು ಕೊಯ್ಯುವ ಗರಗಸವಾಗಿರಬೇಕು. ಅಂಥದ್ದು ಈ ಸುತ್ತಿನಲ್ಲಿ ಇರುವುದು ಸೈಕಲ್ ಟ್ಯೂಬು ಸುತ್ತಿಕೊಂಡ ಒಂದೇ. ಅಸಲಿಗೂ ನಕಲಿಗೂ ಇರುವ ವ್ಯತ್ಯಾಸದ ಬಗ್ಗೆ ನಾನು ಇಷ್ಟು ದಿನ ಬಣ್ಣ ನೋಡಿದೆ, ಆಕಾರ ನೋಡಿದೆ, ಬೆಲೆ ನೋಡಿದೆ. ಅಸಲಿಯೆಂದರೆ, ತೊಂದರೆ ಕೊಟ್ಟರೆ ಯಾರನ್ನು ಕೇಳಬೇಕೆಂಬುದು ಗೊತ್ತಿರುವ ವಸ್ತು, ನಕಲಿಗೆ ಯಂತ್ರವು ಉತ್ತರಿಸುತ್ತದೆ. ಇದನ್ನು ಯಾರೂ ನಕ್ಷತ್ರದಲ್ಲಿ ಅಳೆದಿರಲಿಲ್ಲ.

ನಾಳೆ ಬೆಳಿಗ್ಗೆ, ಮಾವ ಕೆಲಸಕ್ಕೆ ಹೊರಡುವ ಮೊದಲು, ಅವರ ಮನೆಗೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ಹೇಳಬೇಕಾದ್ದನ್ನು ಈ ಕಾಗದದ ಹಿಂದೆ ಹಲವು ಬಗೆಯಲ್ಲಿ ಬರೆದು ನೋಡಿದೆ. ಚೈನು ತಿರುಗಿಸಿದ ಮೇಲೆ ಕೊಯ್ದದ್ದಂತೂ ನಿಜ ಎಂದು ಒಂದರಲ್ಲಿ, ಮುಚ್ಚಳ ಸರಿಯಿದ್ದಿದ್ದರೆ ಎಂದು ಇನ್ನೊಂದರಲ್ಲಿ ಬಂದುಬಿಡುತ್ತದೆ. ಎಲ್ಲವನ್ನೂ ಹೊಡೆದುಹಾಕಿ, "ಮಾವ, ಬನ್ನಿ" ಎಂಬುದನ್ನಷ್ಟೇ ಉಳಿಸಿಕೊಂಡಿದ್ದೇನೆ. ಅದನ್ನು ಗಿರಾಕಿಗಳ ಮುಂದೆಯೇ ಇನ್ನೊಮ್ಮೆ ಹೇಳಲೂ ಸಿದ್ಧ. ದೊಡ್ಡಮ್ಮನಿಗೆ ಇನ್ನೂ ತಿಳಿಸಿಲ್ಲ.

ನಾಳೆ ಬೆಳಿಗ್ಗೆಯ ತನಕ ಮಾತ್ರ,
ತಮ್ಮ ವಿಶ್ವಾಸಿ,
ಉಲ್ಟಾ ಚೈನಿನ ಬಂಧುಗಳಲ್ಲೊಬ್ಬ

ವಿ.ಸೂ.: ದೊಡ್ಡಮ್ಮನಿಗೆ ಕಿಟಕಿ ಹತ್ತಿಳಿಯಲು ಅದೇ ಆನ್‌ಲೈನ್ ಅಂಗಡಿಯಲ್ಲಿ ಪುಟ್ಟ ಏಣಿಯೊಂದನ್ನು ಹುಡುಕುತ್ತಿದ್ದಾಗ, ಅಲ್ಲಿಯೂ ತಮ್ಮ ಐದು ನಕ್ಷತ್ರಗಳ ದರ್ಶನವಾಯಿತು. ಪ್ಯಾಕಿಂಗ್ ಚೆನ್ನಾಗಿದೆಯೆಂದೂ, ಇನ್ನೂ ಹತ್ತಿಲ್ಲವೆಂದೂ ಬರೆದಿದ್ದೀರಿ. ಚಿತ್ರದಲ್ಲಿ ಏಣಿಯ ರಬ್ಬರಿನ ಪಾದಗಳು ಆಕಾಶ ನೋಡುತ್ತಿವೆ. ನಮ್ಮ ನಡುವೆ ಏನೇ ಇರಲಿ, ದಯವಿಟ್ಟು ಹತ್ತಬೇಡಿ.